ಆಸ್ಪತ್ರೆ ಓಡಾಟದ ಖರ್ಚು ವಾಪಸ್ ಬರುತ್ತಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಸಂಬಳ 14,000 ರೂಪಾಯಿ. ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗುತ್ತದೆ. ಅಪ್ಪ, ಅಮ್ಮ ಜಗಳೂರು ತಾಲ್ಲೂಕಿನ ನಮ್ಮ ಊರಲ್ಲೇ ಇದ್ದಾರೆ. ಅವರದ್ದು ಬೇರೆ ಬಿಪಿಎಲ್ ಕಾರ್ಡ್. ಅಪ್ಪನಿಗೆ 64 ವರ್ಷ. ಕರುಳಿನ ಕ್ಯಾನ್ಸರ್‌ಗೆ ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಯಿತು. ಈಗ 21 ದಿನಕ್ಕೊಮ್ಮೆ ಕೀಮೋ. ಎಂಟರಲ್ಲಿ ನಾಲ್ಕು ಮುಗಿದಿವೆ. ಚಿಕಿತ್ಸೆಗೆ ದುಡ್ಡು ಕಟ್ಟಿಲ್ಲ. ಆದರೆ ಬಸ್ಸಲ್ಲಿ ವಾಂತಿ ಆಗುತ್ತೆ ಅಂತ ಬಾಡಿಗೆ ಕಾರು ಮಾಡುತ್ತೇವೆ, ಸಲಕ್ಕೆ 6,000 ರೂಪಾಯಿ. ಪಕ್ಕದ ಮನೆಯ ಹುಡುಗನಿಗೆ ಬೈಕ್ ಅಪಘಾತ ಆದಾಗ ಕಾರು, ಆಟೋ ಬಾಡಿಗೆ ಎಲ್ಲ ವಾಪಸ್ ಬಂತಂತೆ. ನಮಗೂ ಬರಬೇಕಲ್ವಾ? ಒಬ್ಬರು 1,500 ರೂಪಾಯಿ ಕೊಟ್ಟರೆ ಆಯುಷ್ಮಾನ್ ಕಾರ್ಡಿನಲ್ಲಿ ಓಡಾಟದ ಹಣ ಮಾಡಿಸಿಕೊಡುತ್ತೇನೆ ಅಂದಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪತ್ರ ಓದುವಷ್ಟರಲ್ಲಿ ಆ ಮನುಷ್ಯ ಇನ್ನೊಂದು ಸಲ ನಿಮ್ಮ ಮನೆ ಬಾಗಿಲಿಗೆ ಬಂದಿರಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆ ದುಡ್ಡು ಹೋಗುವುದು ಆಸ್ಪತ್ರೆಗೆ. ಆಪರೇಷನ್, ಔಷಧಿ, ಪರೀಕ್ಷೆ, ವಾರ್ಡು, ಊಟ ಅದರಲ್ಲಿ ಸೇರಿರುತ್ತವೆ. ಊರಿಂದ ಆಸ್ಪತ್ರೆಗೆ ಹೋಗಿಬರುವ ಖರ್ಚು ಅದರಲ್ಲಿ ಇಲ್ಲ. ಇಲ್ಲದ ಹಣವನ್ನು ಯಾರೂ ಮಾಡಿಸಿಕೊಡಲು ಆಗುವುದಿಲ್ಲ.

ಆದರೂ ಊರುಗಳಲ್ಲಿ ಈ ಮಾತು ಸುತ್ತುತ್ತಲೇ ಇದೆ. ಅದಕ್ಕೊಂದು ಕಾರಣ ನನಗೆ ಕಾಣುತ್ತದೆ. 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಅಂತ ಒಂದು ಯೋಜನೆ ಬಂದಿತ್ತು. 30,000 ರೂಪಾಯಿವರೆಗೆ ಚಿಕಿತ್ಸೆ ಕೊಡುವ ಸ್ಮಾರ್ಟ್ ಕಾರ್ಡ್, ನೆನಪಿರಬಹುದು. ಅದರಲ್ಲಿ ಆಸ್ಪತ್ರೆಗೆ ಸೇರಿದವರಿಗೆ ಸಲಕ್ಕೆ 100 ರೂಪಾಯಿ, ವರ್ಷಕ್ಕೆ ಹೆಚ್ಚೆಂದರೆ 1,000 ರೂಪಾಯಿ ಓಡಾಟಕ್ಕೆ ಅಂತಲೇ ಇತ್ತು. ಆ ಕಾರ್ಡು ಹೋಗಿ ಆಯುಷ್ಮಾನ್ ಬಂತು, ಓಡಾಟದ ಹಣವೂ ಅದರ ಜೊತೆಗೇ ಹೋಯಿತು. ಜನರ ನೆನಪಲ್ಲಿ ಮಾತ್ರ ಉಳಿದಿದೆ. ಈ ಅರ್ಧ ನೆನಪನ್ನೇ ಹಿಡಿದುಕೊಂಡು ಕೆಲವರು ಬಡವರ ಹತ್ತಿರ ದುಡ್ಡು ಕೀಳುತ್ತಾರೆ. ನನಗೆ ತುಂಬಾ ಸಿಟ್ಟು ಬರುವ ವಿಷಯ ಇದು. ಅನುಮಾನ ಇದ್ದರೆ 14555ಕ್ಕೆ ಫೋನ್ ಮಾಡಿ, ಇಲ್ಲವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಕೂತಿರುವ ಆರೋಗ್ಯ ಮಿತ್ರರನ್ನು ಕೇಳಿ. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಈಗ ಪಕ್ಕದ ಮನೆಯ ಹುಡುಗನ ವಿಷಯ. ಅವನಿಗೆ ಬಂದದ್ದು ನಿಜವೇ ಇರಬೇಕು. ಆದರೆ ಅದು ಸರ್ಕಾರ ವಾಪಸ್ ಕೊಟ್ಟ ಖರ್ಚಲ್ಲ. ಡಿಕ್ಕಿ ಹೊಡೆದ ಗಾಡಿಯ ವಿಮೆ ಕಂಪನಿ ಕೊಟ್ಟ ಪರಿಹಾರ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಿದಾಗ ಅಪಘಾತ ಪರಿಹಾರದ ನ್ಯಾಯಮಂಡಳಿ ಔಷಧಿ ಖರ್ಚಿನ ಜೊತೆ ಓಡಾಟ, ಪೌಷ್ಟಿಕ ಊಟ, ಜೊತೆಗಿದ್ದು ನೋಡಿಕೊಂಡವರ ಖರ್ಚನ್ನೂ ಲೆಕ್ಕ ಹಾಕುತ್ತದೆ. ಗಾಯಾಳುಗಳ ಪರಿಹಾರದಲ್ಲಿ ಓಡಾಟದ ಖರ್ಚು ಸೇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಬರೆದಿದೆ. ಅಲ್ಲಿ ತಪ್ಪು ಮಾಡಿದ ಇನ್ನೊಬ್ಬರು ಇದ್ದಾರೆ, ಅವರಿಗೊಂದು ವಿಮೆ ಇದೆ. ಕಾಯಿಲೆಯಲ್ಲಿ ಹಾಗೆ ಕಟ್ಟಿಕೊಡುವ ಇನ್ನೊಬ್ಬರು ಇಲ್ಲ. ವ್ಯತ್ಯಾಸ ಇಷ್ಟೇ.

ಹೆದ್ದಾರಿ ಪಕ್ಕದ ಊರುಗಳು ನಮ್ಮವು. ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಯಾವ ಕಡೆ ನೋಡಿದರೂ ಅಪಘಾತದ ಕೇಸು ನಡೆಸುತ್ತಿರುವ ಮನೆ ಸಿಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಷರತ್ತು 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿದೆ. ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದವರಿಗೆ ಆರು ತಿಂಗಳು ಹೋದದ್ದೇ ಗೊತ್ತಾಗುವುದಿಲ್ಲ. ಮನೆಯವರು ನೋಡಿಕೊಳ್ಳಬೇಕು. ಇನ್ನು ಓಡಾಟದ ಬಿಲ್ಲು. ಬಿಲ್ಲೇ ಇಲ್ಲದಿದ್ದರೆ ನ್ಯಾಯಮಂಡಳಿ ಸಾಮಾನ್ಯವಾಗಿ ಊಟ, ಓಡಾಟ, ಆರೈಕೆ ಎಲ್ಲ ಸೇರಿಸಿ ಒಟ್ಟಾರೆ ಒಂದು ಮೊತ್ತ ಹಾಕಿಬಿಡುತ್ತದೆ. ಅದು ನಿಜವಾದ ಖರ್ಚಿಗಿಂತ ಕಡಿಮೆ ಇರುವುದೇ ಜಾಸ್ತಿ. ಬಾಡಿಗೆ ಕಾರಿನವರ ಹತ್ತಿರ ಪ್ರತಿ ಸಲವೂ ಅದೇ ದಿನ ಬಿಲ್ಲು ಬರೆಸಿಕೊಳ್ಳಿ. ಗಾಡಿ ನಂಬರ್, ತಾರೀಕು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಡ್ರೈವರ್ ಸಹಿ ಇಷ್ಟೂ ಇರಲಿ. ಆಮೇಲೆ ಒಂದೇ ಪೆನ್ನಲ್ಲಿ ಒಂದೇ ಕೈಬರಹದಲ್ಲಿ ಹತ್ತು ಬಿಲ್ಲು ಬರೆಸಿ ತಂದರೆ ವಿಮೆ ಕಂಪನಿಯ ವಕೀಲರು ಮೊದಲು ಹಿಡಿಯುವುದೇ ಅದನ್ನು. ಬಿಲ್ಲಿನ ತಾರೀಕಿಗೂ ಆಸ್ಪತ್ರೆಯ ಒಪಿಡಿ ಚೀಟಿಯ ತಾರೀಕಿಗೂ ಹೊಂದಿಕೆ ಆಗಬೇಕು.

ಬಸ್ ಟಿಕೆಟ್ ಬಗ್ಗೆ ಒಂದು ಮಾತು. ತುಂಬಾ ವರ್ಷಗಳ ಹಿಂದೆ ಚಳ್ಳಕೆರೆ ಕಡೆಯ ಒಬ್ಬ ತಾಯಿ ಒಂದು ಕ್ಯಾರಿಬ್ಯಾಗ್ ತುಂಬಾ ಟಿಕೆಟ್ ತಂದು ನನ್ನ ಮುಂದೆ ಸುರಿದಿದ್ದರು. ಮಗನ ಕಾಲಿಗಾಗಿ ಒಂದೂವರೆ ವರ್ಷ ಓಡಾಡಿದ ಲೆಕ್ಕ ಅದು. ಒಂದನ್ನೂ ಎಸೆದಿರಲಿಲ್ಲ. ಆದರೆ ಮೆಷಿನ್ ಟಿಕೆಟ್‌ನ ಅಕ್ಷರ ಬಿಸಿಲಿಗೆ, ಬೆವರಿಗೆ ಮಾಸಿಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ಟಿಕೆಟ್ ಬಿಳಿ ಹಾಳೆ ಆಗಿದ್ದವು. ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆವತ್ತಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ಬಸ್ಸಿಂದ ಇಳಿದ ತಕ್ಷಣ ಟಿಕೆಟ್‌ನ ಫೋಟೋ ತೆಗೆಯಿರಿ, ಇಲ್ಲವೇ ಅದೇ ವಾರ ಜೆರಾಕ್ಸ್ ಮಾಡಿಸಿ. ಹೆಂಗಸರಿಗೆ ಸಿಗುವ ಶೂನ್ಯ ಟಿಕೆಟ್ ಕೂಡ ಎಸೆಯಬೇಡಿ. ಅದರಲ್ಲಿ ದುಡ್ಡು ಇಲ್ಲ, ನಿಜ. ಆದರೆ ಇಂಥ ದಿನ ಇವರು ಜೊತೆಗೆ ಬಂದಿದ್ದರು ಅನ್ನುವುದಕ್ಕೆ ಅದೊಂದು ಗುರುತು.

ಈಗ ನಿಮ್ಮ ಅಪ್ಪನ ವಿಷಯಕ್ಕೆ ಬರೋಣ.

ನಿಮಗೆ ನಿಜವಾಗಿ ಕೇಳುವ ದಾರಿ ಇರುವುದು ಇಎಸ್‌ಐನಲ್ಲಿ. ನಿಮ್ಮ ಸಂಬಳದಲ್ಲಿ ನೂರಕ್ಕೆ 75 ಪೈಸೆಯಂತೆ ತಿಂಗಳಿಗೆ 105 ರೂಪಾಯಿ ಕಟ್ ಆಗುತ್ತಿದೆ. ಮಾಲೀಕರು ಶೇ 3.25ರಂತೆ 455 ರೂಪಾಯಿ ಸೇರಿಸಿ ಕಟ್ಟುತ್ತಾರೆ. ಆ ಹಣ ನಿಮ್ಮೊಬ್ಬರಿಗೆ ಮಾತ್ರ ಅಲ್ಲ. ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಇದೆ, ಅವರ ಆದಾಯ ತಿಂಗಳಿಗೆ 9,000 ರೂಪಾಯಿ ದಾಟಬಾರದು ಅಷ್ಟೆ. ಎಷ್ಟೋ ಹುಡುಗರು, ಹೆಣ್ಣುಮಕ್ಕಳು ಕೆಲಸಕ್ಕೆ ಸೇರುವಾಗ ಅವಸರದಲ್ಲಿ ಫಾರಂ ತುಂಬಿ, ಮನೆಯವರ ಹೆಸರು ಹಾಕುವುದನ್ನೇ ಮರೆತಿರುತ್ತಾರೆ. ನಿಮ್ಮ ಇ-ಪೆಹಚಾನ್ ಕಾರ್ಡಿನಲ್ಲಿ, ಅಂದರೆ ಇಎಸ್‌ಐ ಗುರುತಿನ ಕಾರ್ಡಿನಲ್ಲಿ, ಅಪ್ಪನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಫ್ಯಾಕ್ಟರಿಯ ಎಚ್‌ಆರ್ ಕಡೆಯಿಂದ ಇಲ್ಲವೇ ಇಎಸ್‌ಐ ಶಾಖಾ ಕಚೇರಿಯಲ್ಲಿ ಸೇರಿಸಿ. ಆಧಾರ್ ಬೇಕಾಗುತ್ತದೆ.

ಆಸ್ಪತ್ರೆಗೆ, ಪರೀಕ್ಷಾ ಕೇಂದ್ರಕ್ಕೆ ಹೋಗಲು ಆಂಬುಲೆನ್ಸ್ ಕೊಡುವುದು, ಇಲ್ಲದಿದ್ದರೆ ಓಡಾಟದ ಖರ್ಚು ಮರಳಿಸುವುದು ಇಎಸ್‌ಐ ಹೇಳಿಕೊಂಡಿರುವ ಸೌಲಭ್ಯಗಳಲ್ಲಿ ಒಂದು. ಆದರೆ ಅದಕ್ಕೆ ಷರತ್ತು ಅಂಟಿಕೊಂಡಿದೆ. ನಿಯಮದಲ್ಲಿ ಬರುವಂತಿರಬೇಕು, ಆ ಜಾಗದಲ್ಲಿ ಜಾರಿಯಲ್ಲಿರಬೇಕು. ಅಂದರೆ ಟಿಕೆಟ್ ಕೊಟ್ಟವರಿಗೆಲ್ಲ ಹಣ ಕೊಡುವ ವ್ಯವಸ್ಥೆ ಇದಲ್ಲ. ಎಲ್ಲ ನಿಂತಿರುವುದು ರೆಫರಲ್ ಚೀಟಿಯ ಮೇಲೆ. ಇಎಸ್‌ಐ ವೈದ್ಯರೇ ಇವರನ್ನು ಇಂಥ ಆಸ್ಪತ್ರೆಗೆ ಕಳಿಸುತ್ತಿದ್ದೇವೆ ಅಂತ ಬರೆದಿರಬೇಕು. ನೀವು ಬಿಪಿಎಲ್ ಕಾರ್ಡ್ ಹಿಡಿದು ನೇರ ಕಿದ್ವಾಯಿಗೆ ಹೋದವರು. ಹಾಗಾಗಿ ಮುಗಿದುಹೋದ ನಾಲ್ಕು ಸಲದ ಕಾರಿನ ಬಾಡಿಗೆ ಇಎಸ್‌ಐನಿಂದ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆ ದುಡ್ಡು ಹೋಯಿತು ಅಂತಲೇ ಇಟ್ಟುಕೊಳ್ಳಿ. ಹೇಳಲು ನನಗೂ ಸಂಕಟ ಆಗುತ್ತದೆ.

ಮುಂದಿನ ನಾಲ್ಕರ ಮಾತು ಬೇರೆ. ಕಿದ್ವಾಯಿಯ ಡಿಸ್ಚಾರ್ಜ್ ಪತ್ರ, ಕೀಮೋ ಚೀಟಿಗಳ ಜೆರಾಕ್ಸ್ ತೆಗೆದುಕೊಂಡು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೋ ದಾವಣಗೆರೆಯ ಇಎಸ್‌ಐ ಆಸ್ಪತ್ರೆಗೋ ಹೋಗಿ. ವೈದ್ಯಾಧಿಕಾರಿಗೆ ಎಲ್ಲ ತೋರಿಸಿ, ಉಳಿದ ಕೀಮೋಗೆ ರೆಫರಲ್ ಕೊಡಲು ಆಗುತ್ತದಾ ಕೇಳಿ. ಓಡಾಟದ ಖರ್ಚಿನ ಬಗ್ಗೆಯೂ ಅಲ್ಲೇ ಕೇಳಿ, ಬಾಯಲ್ಲಿ ಕೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಅದೆಲ್ಲ ಬರಲ್ಲ ಹೋಗಿ ಅಂದರೆ ಜಗಳ ಆಡಬೇಡಿ. ಅದನ್ನೇ ಬರೆದುಕೊಡಿ ಸರ್ ಅನ್ನಿ. ಬರೆದ ಉತ್ತರ ಕೈಯಲ್ಲಿದ್ದರೆ ಮೇಲಿನವರನ್ನು ಕೇಳಬಹುದು. ಇಎಸ್‌ಐನ ಉಚಿತ ಸಹಾಯವಾಣಿ 1800 11 2526. ದೂರು ಕೇಳಲು ಸುವಿಧಾ ಸಮಾಗಮ ಅಂತ ತಿಂಗಳಿಗೊಮ್ಮೆ ಅವರೇ ಸಭೆ ನಡೆಸುತ್ತಾರೆ, ಅಲ್ಲಿಗೂ ಹೋಗಬಹುದು.

ಇದರ ಜೊತೆಗೆ ಕಿದ್ವಾಯಿಯ ವೈದ್ಯರಿಂದ ಎರಡು ಸಾಲು ಬರೆಸಿಕೊಳ್ಳಿ. ಕೀಮೋ ಆದ ಮೇಲೆ ರೋಗಿಗೆ ವಾಂತಿ, ಸುಸ್ತು ಇದೆ, ಮಲಗಿಕೊಂಡು ಹೋಗುವ ವ್ಯವಸ್ಥೆ ಬೇಕು, ಜೊತೆಗೆ ಒಬ್ಬರು ಇರಬೇಕು ಅಂತ. ಕಾರು ಯಾಕೆ ಮಾಡಿದಿರಿ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುವುದು ಆ ಎರಡು ಸಾಲೇ. ಮನೆಗೆ ಬಂದ ಮೇಲೆ ಅದನ್ನು ಬರೆಸಲು ಮತ್ತೆ 6,000 ಖರ್ಚು ಮಾಡಬೇಕಾಗುತ್ತದೆ. ಓಡಾಟದ ಹಣದ ವಿಷಯದಲ್ಲಿ ನಾನು ಕಂಡುಕೊಂಡದ್ದು ಇದು. ಖರ್ಚಾದ ಮೇಲೆ ಕೇಳಿ ಪಡೆದವರು ಕಡಿಮೆ. ಹೊರಡುವ ಮುಂಚೆ, ಇಲ್ಲವೇ ಆಸ್ಪತ್ರೆಯಲ್ಲಿ ಇರುವಾಗಲೇ ಕಾಗದ ಮಾಡಿಸಿಕೊಂಡವರಿಗೆ ಉಳಿದದ್ದು ಜಾಸ್ತಿ.

ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ರೈಲು. ನಿಮ್ಮ ಪತ್ರದಲ್ಲಿ ರೈಲಿನ ಮಾತೇ ಇಲ್ಲ. ಬಹುಶಃ ಯಾರೂ ಹೇಳಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಬರುವ ಒಬ್ಬರಿಗೆ ಅದೇ ಡಬ್ಬಿಯಲ್ಲಿ ಶೇ 75 ರಿಯಾಯಿತಿ. ಸೆಕೆಂಡ್ ಕ್ಲಾಸ್ ಮತ್ತು ಎಸಿ ಚೇರ್ ಕಾರ್‌ನಲ್ಲಿ ಇಬ್ಬರಿಗೂ ಶೇ 75. ರಿಸರ್ವೇಶನ್, ಸೂಪರ್‌ಫಾಸ್ಟ್ ಶುಲ್ಕಕ್ಕೆ ರಿಯಾಯಿತಿ ಇಲ್ಲ, ಅದನ್ನು ಕಟ್ಟಬೇಕು. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತಿತು, ನಿಜ. ಅದನ್ನು ಕೇಳಿ ಎಷ್ಟೋ ಜನ ರೈಲಲ್ಲಿ ಈಗ ಏನೂ ಇಲ್ಲ ಅಂದುಕೊಂಡಿದ್ದಾರೆ. ರೋಗಿಗಳದ್ದು ನಿಂತಿಲ್ಲ. ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿಗಳು, ಹೃದಯದ ಆಪರೇಷನ್‌ಗೆ ಹೋಗುವವರು, ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವವರು, ಇವರಿಗೂ ದರದಲ್ಲಿ ದೊಡ್ಡ ಕಡಿತ ಇದೆ.

ಇದಕ್ಕೆ ರೈಲ್ವೆಯದ್ದೇ ಒಂದು ನಮೂನೆ ಇದೆ. ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ವೈದ್ಯರು ಅದನ್ನು ತುಂಬಿ ಸಹಿ, ಸೀಲು ಹಾಕಬೇಕು. ದಾವಣಗೆರೆಯಿಂದ ಬೆಂಗಳೂರು, ಬೆಂಗಳೂರಿಂದ ದಾವಣಗೆರೆ, ಎರಡನ್ನೂ ಬರೆಸಿ. ಜೊತೆಗೆ ಬರುವವರು ಇದ್ದಾರೆ ಅನ್ನುವುದನ್ನೂ ಬರೆಸಿ. ಟಿಕೆಟ್ ತೆಗೆಯುವುದು ಸ್ಟೇಷನ್ ಕೌಂಟರ್‌ನಲ್ಲಿ, ಮೊಬೈಲ್‌ನಲ್ಲಿ ಅಲ್ಲ. ಮೊದಲು ಪೂರ್ತಿ ಹಣ ಕೊಟ್ಟು ಟಿಕೆಟ್ ತೆಗೆದು, ಆಮೇಲೆ ಸರ್ಟಿಫಿಕೇಟ್ ತೋರಿಸಿ ವ್ಯತ್ಯಾಸ ವಾಪಸ್ ಕೊಡಿ ಅಂದರೆ ಕೊಡುವುದಿಲ್ಲ.

ಐದನೇ ಕೀಮೋಗೆ ಹೋಗುವಾಗ ಈ ಕಾಗದ ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಆ ಒಂದು ಸಲ ಹೋಗುವುದಕ್ಕೆ ಏನಾದರೂ ಮಾಡಿಕೊಳ್ಳಿ. ಹೋಗುವಾಗ ಅಪ್ಪ ಸ್ವಲ್ಪ ಗಟ್ಟಿಯಾಗಿರುತ್ತಾರೆ, ಬರುವಾಗಲೇ ಅಲ್ವಾ ಕಷ್ಟ? ಅಲ್ಲಿ ಬರೆಸಿಕೊಂಡು ವಾಪಸ್ ಬರುವಾಗಲೇ ರೈಲು ಹತ್ತಬಹುದು. ಅವರು ಕೆಳಗಿನ ಬರ್ತ್‌ನಲ್ಲಿ ಕಾಲು ಚಾಚಿ ಮಲಗಿ ಬರಲಿ. ವಾಂತಿ ಬಂದರೆ ಟಾಯ್ಲೆಟ್ ಹತ್ತಿರದಲ್ಲೇ ಇರುತ್ತದೆ. ಆರನೇ ಕೀಮೋ ತಾರೀಕು ಆವತ್ತೇ ಗೊತ್ತಾಗುತ್ತದೆ. ಅದಕ್ಕೆ ಬೇಕಾದ ನಮೂನೆಯನ್ನೂ ಅಲ್ಲೇ ಬರೆಸಿಕೊಂಡು ಬಂದರೆ 21 ದಿನ ಮುಂಚೆಯೇ ಟಿಕೆಟ್ ಮಾಡಿಸಬಹುದು. ದಾವಣಗೆರೆಯಲ್ಲಿ ರಾತ್ರಿ ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿಯುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇಂಥವರಿಗೆ ಹೇಳಿ ಮಾಡಿಸಿದ ರೈಲು. ನಿಮ್ಮ ಮನೆ ದಾವಣಗೆರೆಯಲ್ಲೇ ಇರುವುದರಿಂದ ಅಪ್ಪ ಹಿಂದಿನ ದಿನವೇ ನಿಮ್ಮಲ್ಲಿಗೆ ಬಂದು ಉಳಿಯಲಿ. ಊರಿಂದ ದಾವಣಗೆರೆಗೆ, ಆಮೇಲೆ ಸ್ಟೇಷನ್‌ಗೆ, ಬೆಂಗಳೂರಲ್ಲಿ ಇಳಿದು ಆಸ್ಪತ್ರೆಗೆ ಅಂತ ಮೂರು ಕಡೆ ಹತ್ತಿ ಇಳಿಯುವ ತಾಪತ್ರಯ ಇದ್ದೇ ಇದೆ. ಆದರೂ ಬೆಂಗಳೂರಲ್ಲಿ ಆಟೋಗೆ ಕೊಟ್ಟರೂ ಸಲಕ್ಕೆ 6,000 ಎಲ್ಲಿ, ಇದೆಲ್ಲಿ? ಒಂದು ಎಚ್ಚರಿಕೆ ಮಾತ್ರ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಕಡಿಮೆ ಆಗಿರುತ್ತದೆ, ಜನಜಂಗುಳಿಯಲ್ಲಿ ಸೋಂಕು ತಗಲುವ ಭಯ ಇರುತ್ತದೆ. ವೈದ್ಯರನ್ನು ಕೇಳದೆ ಕಾರು ಬಿಟ್ಟು ರೈಲಿಗೆ ಬರಬೇಡಿ. ಬೇಡ ಅಂದರೆ ಕಾರೇ ಇರಲಿ. ದುಡ್ಡು ಆಮೇಲೆ.

ಬಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸಾರಿಗೆ ನಿಗಮದ ಬಸ್ಸಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಇದೆ. ವಯಸ್ಸಿನ ಗುರುತಿನ ಚೀಟಿ ತೋರಿಸಬೇಕು. ಅಮ್ಮ ಜೊತೆಗೆ ಹೋಗುವುದಾದರೆ ಶಕ್ತಿ ಯೋಜನೆಯಲ್ಲಿ ಅವರ ಟಿಕೆಟ್‌ಗೆ ದುಡ್ಡಿಲ್ಲ. 2023ರ ಜೂನ್ 11ರಿಂದ ಇದು ನಡೆಯುತ್ತಿದೆ, ರಾಜ್ಯದೊಳಗೆ ಸಾಮಾನ್ಯ ಬಸ್‌ಗಳಲ್ಲಿ ಮಾತ್ರ. ಎಸಿ, ಸ್ಲೀಪರ್, ರಾಜಹಂಸಕ್ಕೆ ಅನ್ವಯಿಸುವುದಿಲ್ಲ.

ಬೆಂಗಳೂರಿಗೇ ಹೋಗಬೇಕಾ ಅನ್ನುವ ಪ್ರಶ್ನೆಯನ್ನೂ ಕೇಳಿಕೊಳ್ಳಿ. ಉಳಿದ ನಾಲ್ಕು ಕೀಮೋಗೆ ಈ ಲೆಕ್ಕದಲ್ಲಿ ಇನ್ನೂ 24,000 ರೂಪಾಯಿ ಬೇಕು. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರ ಶುರು ಮಾಡಿತು. ಬೆಳಗ್ಗೆ ಹೋಗಿ ಕೀಮೋ ಹಾಕಿಸಿಕೊಂಡು ಸಂಜೆ ಮನೆಗೆ ಬರುವ ವ್ಯವಸ್ಥೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲೂ ಒಮ್ಮೆ ಹೋಗಿ ವಿಚಾರಿಸಿ. ಕಿದ್ವಾಯಿಯ ವೈದ್ಯರನ್ನೂ ಸಂಕೋಚ ಬಿಟ್ಟು ಕೇಳಿ: ಸರ್, ಉಳಿದ ಕೀಮೋ ನಮ್ಮ ಜಿಲ್ಲೆಯಲ್ಲೇ ಹಾಕಿಸಬಹುದಾ, ನೀವು ಚೀಟಿ ಬರೆದುಕೊಡ್ತೀರಾ ಅಂತ. ಕೆಲವು ಔಷಧಿಗೆ ಆಗುತ್ತದೆ, ಕೆಲವಕ್ಕೆ ಆಗುವುದಿಲ್ಲ. ಅದನ್ನು ಅವರೇ ಹೇಳಬೇಕು. ಆದರೆ ನಾವು ಕೇಳದಿದ್ದರೆ ಆ ಗದ್ದಲದಲ್ಲಿ ಅವರಾಗೇ ಹೇಳುವುದು ಅಪರೂಪ.

ಸುಮ್ನೆ ಹೋಗಿ ಬರುವ ಓಡಾಟವೂ ಒಂದಿದೆ. ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡುತ್ತಾರೆ. ಕಣಗಳು ಕಡಿಮೆ ಇದ್ದರೆ ಮುಂದಿನ ವಾರ ಬನ್ನಿ ಅಂತ ವಾಪಸ್ ಕಳಿಸುತ್ತಾರೆ. 6,000 ನೀರಲ್ಲಿ ಹೋದ ಹಾಗೆ. ಎರಡು ದಿನ ಮುಂಚೆ ಜಗಳೂರಿನಲ್ಲೋ ದಾವಣಗೆರೆಯಲ್ಲೋ ರಕ್ತ ಪರೀಕ್ಷೆ ಮಾಡಿಸಿ, ಆ ವರದಿ ನೋಡಿ ಹೊರಡಬಹುದಾ ಅಂತ ಈ ಸಲವೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಕೀಮೋ ಮುಗಿದ ಮೇಲಿನ ಕೆಲವು ಮಾತುಕತೆಗೆ ಸರ್ಕಾರದ ಇ-ಸಂಜೀವಿನಿಯಲ್ಲಿ ವೀಡಿಯೊ ಮೂಲಕವೂ ವೈದ್ಯರು ಸಿಗುತ್ತಾರೆ. ಬೆಂಗಳೂರಲ್ಲಿ ಉಳಿಯಲೇಬೇಕಾಗಿ ಬಂದರೆ ಲಾಡ್ಜ್ ಹುಡುಕುವ ಮೊದಲು ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಜಾಗ ಕೇಳಿ.

ಇದನ್ನು ಓದುವ ಬೇರೆಯವರಿಗಾಗಿ ನಾಲ್ಕು ಮಾತು. ಬಸುರಿ, ಬಾಣಂತಿ, ಒಂದು ವರ್ಷದೊಳಗಿನ ಮಗು ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಓಡಾಟಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ. ಹೋಗಲು 108, ಹೆರಿಗೆ ಆದ ಮೇಲೆ ಮನೆಗೆ ಬಿಡಲು ನಗು-ಮಗು ವಾಹನ. ಔಷಧಿಗೆ ಬಗ್ಗದ ಕ್ಷಯ ಇರುವವರಿಗೆ ಚಿಕಿತ್ಸಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚನ್ನು ಕ್ಷಯ ವಿಭಾಗವೇ ಕೊಡುತ್ತದೆ. ತಿಂಗಳಿಗೆ 1,000 ರೂಪಾಯಿ ಪೋಷಣೆಯ ಹಣ ಬೇರೆ, ಇದು ಬೇರೆ. ಎರಡನ್ನೂ ಕೇಳಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರ ನಿರಾಮಯ ವಿಮೆಯಲ್ಲಿ ಓಡಾಟಕ್ಕೂ ಒಂದು ಸಣ್ಣ ಮೊತ್ತ ಇದೆ. ಸರ್ಕಾರಿ ನೌಕರರಿಗೆ ಬೇರೆಯೇ ನಿಯಮಗಳಿವೆ, ಅವರು ತಮ್ಮ ಕಚೇರಿಯಲ್ಲೇ ವಿಚಾರಿಸಬೇಕು. ಖಾಸಗಿ ಆರೋಗ್ಯ ವಿಮೆ ಮಾಡಿಸಿರುವವರು ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆರೋಗ್ಯ ಸಂಜೀವನಿ ಅನ್ನುವ ಸಾಮಾನ್ಯ ಪಾಲಿಸಿಯಲ್ಲಿ ಆಸ್ಪತ್ರೆಗೆ ಸೇರಿದಾಗ ಆಂಬುಲೆನ್ಸ್‌ಗೆ 2,000 ರೂಪಾಯಿವರೆಗೆ ಸಿಗುತ್ತದೆ. ಸುಮ್ಮನೆ ತೋರಿಸಿಕೊಂಡು ಬರಲು ಹೋದ ಕಾರಿಗೆ ಇಲ್ಲ.

ನಿಮ್ಮ ಮಟ್ಟಿಗೆ ಈ ವಾರದ ಕೆಲಸ ಎರಡೇ. ಡ್ಯೂಟಿ ಮುಗಿದ ಮೇಲೆ ಇಎಸ್‌ಐ ಕಾರ್ಡಿನಲ್ಲಿ ಅಪ್ಪನ ಹೆಸರು ನೋಡಿ. ರಜೆ ದಿನ ದಾವಣಗೆರೆ ಸ್ಟೇಷನ್‌ನ ರಿಸರ್ವೇಶನ್ ಕೌಂಟರ್‌ಗೆ ಹೋಗಿ, ಕ್ಯಾನ್ಸರ್ ರೋಗಿಯ ರಿಯಾಯಿತಿ ನಮೂನೆ ಹೇಗಿರಬೇಕು ಅಂತ ಕೇಳಿ ಒಂದು ಪ್ರತಿ ತಂದಿಟ್ಟುಕೊಳ್ಳಿ. ಮೂರ್ನಾಲ್ಕು ಜೆರಾಕ್ಸ್ ಮಾಡಿಸಿ ಅಪ್ಪನ ಫೈಲಿನಲ್ಲಿ ಕೀಮೋ ಚೀಟಿಯ ಮೇಲೆಯೇ ಇಡಿ. ವೈದ್ಯರು ಫೈಲು ತೆರೆದಾಗ ಮೊದಲು ಅದೇ ಕಾಣಲಿ.